ವಾಚಿನ ಮುಚ್ಚಳ ತೆಗೆಯುವ ಮೊದಲು ನಕ್ಷೆಯ ಗೆರೆ

ಸರಸ್ವತಿಪುರಂನಲ್ಲಿರುವ ನನ್ನ ದುರಸ್ತಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಬಂದು, ಕೈಗೆ ಕಟ್ಟಿದ್ದ ಫಿಟ್‌ನೆಸ್ ಬ್ಯಾಂಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, “ದಿನಾ ಕುಕ್ಕರಹಳ್ಳಿ ಕೆರೆ ಸುತ್ತ ನಡೀತೀನಿ ಅಂದ್ಕೊಂಡಿದ್ದೆ ಕಣಪ್ಪ, ಇದು ನೋಡಿದ್ರೆ ನನ್ನನ್ನ ನೀರಿನ ಮೇಲೇ ನಡೆಸ್ತಾ ಇದೆ” ಎಂದರು. ಫೋನಿನ ಪರದೆಯಲ್ಲಿ ಅವರು ತೋರಿಸಿದ ನಕ್ಷೆಯೂ ಅದನ್ನೇ ಹೇಳುತ್ತಿತ್ತು. ದಂಡೆಯನ್ನು ಬಳಸಿ ಬರಬೇಕಾಗಿದ್ದ ಗೆರೆ ಮೂರು ಕಡೆ ಕೆರೆಯನ್ನು ಅಡ್ಡಲಾಗಿ ಕತ್ತರಿಸಿತ್ತು, ನಡೆದ ದೂರವೂ ಅವರ ಲೆಕ್ಕಕ್ಕಿಂತ ಬಹಳ ಕಡಿಮೆ ಬಂದಿತ್ತು. ಏರಿಯ ಮೇಲಿನ ಮರಗಳೇ ಇದಕ್ಕೆ ಕಾರಣವೆಂದು ಯಾರೋ ಅವರಿಗೆ ಹೇಳಿದ್ದರು.

ಮರಗಳ ತಪ್ಪು ಅದಾಗಿರಲಿಲ್ಲ. ಉಪಗ್ರಹದ ಸಂಕೇತ ದುರ್ಬಲವಾದಾಗ ಮೂಡುವ ಗೆರೆ ಅಂಕುಡೊಂಕಾಗಿ ನಡುಗುತ್ತದೆಯೇ ಹೊರತು ಸ್ಕೇಲು ಹಿಡಿದು ಎಳೆದಷ್ಟು ನೇರವಾಗಿರುವುದಿಲ್ಲ. ಗೆರೆ ಅಷ್ಟು ನೇರವಾಗಿದೆಯೆಂದರೆ ಅದರ ಎರಡು ತುದಿಗಳ ನಡುವೆ ಬೇರೆ ಯಾವ ಚುಕ್ಕಿಯೂ ದಾಖಲಾಗಿಲ್ಲವೆಂದೂ, ಇದ್ದ ಎರಡು ಚುಕ್ಕಿಗಳನ್ನು ಆಪ್ ಸುಮ್ಮನೆ ಜೋಡಿಸಿದೆಯೆಂದೂ ತಿಳಿಯಬೇಕು. ಎರಡು ಚುಕ್ಕಿಗಳ ನಡುವೆ ನಾಲ್ಕು ನಿಮಿಷ ಕಳೆದಿದೆಯೆನ್ನಿ; ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವವರು ಅಷ್ಟರಲ್ಲಿ 330 ಮೀಟರಿನಷ್ಟು ಸಾಗುತ್ತಾರೆ. ಕೆರೆಯನ್ನು ಬಳಸಿ ಬಾಗುವ ದಾರಿಯಲ್ಲಿ ಅಷ್ಟು ಅಂತರದ ಎರಡು ಚುಕ್ಕಿಗಳನ್ನು ನೇರವಾಗಿ ಕೂಡಿಸಿದರೆ ಗೆರೆ ನೀರಿಗೇ ಬೀಳುತ್ತದೆ, ದೂರವೂ ಕಡಿಮೆಯೇ ಬರುತ್ತದೆ.

ಆ ಬ್ಯಾಂಡಿನೊಳಗೆ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ಗ್ರಾಹಕವೇ ಇರಲಿಲ್ಲ. ಡಬ್ಬಿಯ ಮೇಲೆ ‘ಕನೆಕ್ಟೆಡ್ ಜಿಪಿಎಸ್’ ಎಂದು ಬರೆದಿದ್ದರೆ ಅದು ಜೇಬಿನಲ್ಲಿರುವ ಫೋನಿನ ಜಿಪಿಎಸ್ಸನ್ನು ಎರವಲು ಪಡೆಯುತ್ತದೆ ಎಂದರ್ಥ, ಆದರೆ ಕೊಳ್ಳುವಾಗ ಇದನ್ನು ಬಿಡಿಸಿ ಹೇಳುವ ಅಂಗಡಿಯವರು ಕಡಿಮೆ. ಮೇಷ್ಟ್ರ ಫೋನಿನಲ್ಲಿ ಬ್ಯಾಟರಿ ಸೇವರ್ ಸದಾ ಚಾಲೂ ಇದ್ದುದರಿಂದ, ಪರದೆ ಆರಿದ ಸ್ವಲ್ಪ ಹೊತ್ತಿಗೆ ಬ್ಯಾಂಡಿನ ಆಪನ್ನು ಫೋನು ಮಲಗಿಸಿಬಿಡುತ್ತಿತ್ತು; ಅವರು ಸಮಯ ನೋಡಲೆಂದು ಫೋನು ತೆಗೆದಾಗ ಆಪ್ ಎಚ್ಚೆತ್ತು ಒಂದು ಚುಕ್ಕಿ ಇಟ್ಟು ಮತ್ತೆ ಮಲಗುತ್ತಿತ್ತು. ಆ ಆಪಿನ ಮಟ್ಟಿಗೆ ಬ್ಯಾಟರಿಯ ನಿರ್ಬಂಧವನ್ನು ತೆಗೆದು, ಲೊಕೇಶನ್ ಅನುಮತಿಯನ್ನು ‘ಯಾವಾಗಲೂ’ ಎಂದು ಬದಲಿಸಿ, ಅದರ ಕೆಳಗಿರುವ ‘ಪ್ರಿಸೈಸ್ ಲೊಕೇಶನ್’ ಎಂಬುದನ್ನೂ ಆನ್ ಮಾಡಿಕೊಟ್ಟೆ. ಈ ಕೊನೆಯದು ಆಂಡ್ರಾಯ್ಡ್ 12 ಮತ್ತು ಐಓಎಸ್ 14ರಿಂದ ಈಚೆಗೆ ಬಂದದ್ದು. ಅದು ಆಫ್ ಆಗಿದ್ದರೆ ಫೋನು ಆಪಿಗೆ ನೀವಿರುವ ಬಡಾವಣೆಯನ್ನು ಅಂದಾಜಿನಲ್ಲಿ ಹೇಳುತ್ತದೆ, ನಿಂತ ಜಾಗವನ್ನು ಹೇಳುವುದಿಲ್ಲ. “ಅಂದ್ರೆ ಇಷ್ಟು ದಿನ ನಾನು ನಡೀತಿದ್ದೆ, ಫೋನು ನಿದ್ದೆ ಮಾಡ್ತಿತ್ತು ಅನ್ನು” ಎಂದು ನಕ್ಕು ಹೋದರು. ನಾನು ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ.

ಇದನ್ನು ಕಲಿಯಲು ನಾನು ತೆತ್ತ ಶುಲ್ಕ ಸಣ್ಣದಲ್ಲ. ಕಸುಬಿಗೆ ಬಂದ ಹೊಸದರಲ್ಲಿ, ಜಿಪಿಎಸ್ ಸರಿಯಿಲ್ಲವೆಂದು ಗಿರಾಕಿಯೊಬ್ಬರು ತಂದ ಒಳ್ಳೆಯ ವಾಚೊಂದನ್ನು ಹಿಂದೆಮುಂದೆ ನೋಡದೆ ಬಿಚ್ಚಿ, ಒಳಗೆ ಯಾವ ದೋಷವನ್ನೂ ಕಾಣದೆ ಮತ್ತೆ ಮುಚ್ಚಿ ಕೊಟ್ಟಿದ್ದೆ. ಬಿಚ್ಚುವಾಗ ನೀರು ತಡೆಯುವ ರಬ್ಬರ್ ಉಂಗುರ ಸೊಟ್ಟಗಾಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಮೊದಲ ಮಳೆಗೇ ವಾಚಿನೊಳಗೆ ನೀರು ಹೋಗಿ, ಹೊಸದನ್ನು ನನ್ನ ಕೈಯಿಂದ ಕೊಡಿಸಬೇಕಾಯಿತು. ಹೊಸ ವಾಚಿನಲ್ಲೂ ಅದೇ ದೂರು ಬಂದಾಗ ಮಾತ್ರ, ಅವರು ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲೇ ‘ಸ್ಟಾರ್ಟ್’ ಒತ್ತಿ ಓಟಕ್ಕೆ ಹೊರಡುತ್ತಿದ್ದರೆಂದು ಗೊತ್ತಾಯಿತು. ಅಂದಿನಿಂದ ಯಾರೇ ಬಂದರೂ ಮೊದಲು ಕೊನೆಯ ನಾಲ್ಕೈದು ದಿನಗಳ ನಕ್ಷೆ ತೋರಿಸಿ ಎನ್ನುತ್ತೇನೆ. ಗೆರೆ ಎಲ್ಲಿ ಕೆಟ್ಟಿದೆ, ಹೇಗೆ ಕೆಟ್ಟಿದೆ ಎಂಬುದರಲ್ಲೇ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ.

ಗೆರೆಯ ಆರಂಭ ಮಾತ್ರ ಕೆಟ್ಟಿದ್ದು, ಮೊದಲ ಚುಕ್ಕಿ ಪಕ್ಕದ ಬೀದಿಯಲ್ಲೆಲ್ಲೋ ಬಿದ್ದು, ಅಲ್ಲಿಂದ ನಿಜವಾದ ದಾರಿಗೆ ಹಾರಿಕೊಂಡು ಬಂದಿದ್ದರೆ, ಅದು ಅವಸರದ ಗುರುತು. ವಾಚು ತಾನಿರುವ ಜಾಗವನ್ನು ಕಂಡುಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಅವು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಸಂಕೇತ ಹೊರಟ ಕ್ಷಣಕ್ಕೂ ತಲುಪಿದ ಕ್ಷಣಕ್ಕೂ ಇರುವ ಅಂತರವನ್ನು ಅಳೆದು ವಾಚು ದೂರ ಲೆಕ್ಕ ಹಾಕುತ್ತದೆ, ಈ ಲೆಕ್ಕದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹ ಆ ಹೊತ್ತಿಗೆ ಆಕಾಶದಲ್ಲಿ ಎಲ್ಲಿದೆಯೆಂಬ ವಿವರವೂ ವಾಚಿಗೆ ಗೊತ್ತಿರಬೇಕು. ಉಪಗ್ರಹ ಅದನ್ನು ತಾನೇ ಹೇಳುತ್ತದೆ, ಆದರೆ ಹೇಳುವ ವೇಗ ಸೆಕೆಂಡಿಗೆ ಕೇವಲ 50 ಬಿಟ್. ಒಂದು ಸುತ್ತು ಹೇಳಿ ಮುಗಿಸಲು 30 ಸೆಕೆಂಡು ಬೇಕು, ನಡುವೆ ಸಂಕೇತ ತುಂಡಾದರೆ ಮುಂದಿನ ಸುತ್ತಿಗೆ ಕಾಯಬೇಕು. ಈ ಕಾಯುವಿಕೆಯನ್ನು ತಪ್ಪಿಸಲೆಂದೇ ಉಪಗ್ರಹಗಳ ಮುಂದಿನ ಕೆಲವು ದಿನಗಳ ಅಂದಾಜು ಸ್ಥಾನಗಳ ಕಡತವನ್ನು ಫೋನಿನ ಆಪ್ ಅಂತರ್ಜಾಲದಿಂದ ಇಳಿಸಿ ವಾಚಿಗೆ ದಾಟಿಸುತ್ತದೆ. ಸಿಂಕ್ ಮಾಡದೆ ಎರಡು ವಾರ ಬಿಟ್ಟರೆ ಆ ಕಡತ ಹಳತಾಗುತ್ತದೆ. ಹಾಗಾಗಿ ರಾತ್ರಿಯೇ ಸಿಂಕ್ ಮಾಡಿಡಿ, ಬೆಳಿಗ್ಗೆ ಸೂರಿನ ಕೆಳಗಿನಿಂದ ಹೊರಬಂದು ಬಯಲಲ್ಲಿ ನಿಂತು, ವಾಚು ಹಸಿರು ತೋರಿಸಿದ ಮೇಲೂ ಒಂದು ನಿಮಿಷ ಷೂ ಲೇಸು ಕಟ್ಟಿಕೊಳ್ಳುತ್ತಾ ಕಳೆಯಿರಿ. ಹಸಿರು ಬಂತೆಂದರೆ ನಾಲ್ಕು ಉಪಗ್ರಹ ಸಿಕ್ಕವೆಂದಷ್ಟೇ. ಇನ್ನೂ ನಾಲ್ಕಾರು ಸಿಕ್ಕರೆ ಗೆರೆ ನೆಟ್ಟಗಾಗುತ್ತದೆ.

ಆರಂಭ ಚೆನ್ನಾಗಿದ್ದು ನಡುವೆ ನಡುಗುವ ಗೆರೆಗೆ ಕಾರಣಗಳು ಹಲವು. ಭೂಮಿಗೆ ತಲುಪುವ ಹೊತ್ತಿಗೆ ಈ ಸಂಕೇತ ಮನೆಯ ವೈಫೈ ಸಂಕೇತಕ್ಕಿಂತ ಕೋಟಿ ಪಟ್ಟು ಕ್ಷೀಣವಾಗಿರುತ್ತದೆ. ಮೋಡ ಅದನ್ನು ತಡೆಯುವುದಿಲ್ಲ, ಮಳೆಯೂ ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ನಮ್ಮ ಮೈ ಮಾತ್ರ ತಡೆಯುತ್ತದೆ, ಏಕೆಂದರೆ ಅದರಲ್ಲಿ ಹೆಚ್ಚಿನದು ನೀರು. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಅನೇಕರು ಮುಖ ಒಳಗಡೆಗೆ ಬರುವಂತೆ ವಾಚು ಕಟ್ಟುವುದು ರೂಢಿ. ಹಾಗೆ ಕಟ್ಟಿದರೆ ಆಂಟೆನಾ ಆಕಾಶಕ್ಕೆ ಬೆನ್ನು ಹಾಕಿ ಹೊಟ್ಟೆಯ ಕಡೆ ತಿರುಗಿರುತ್ತದೆ, ನಡೆಯುವ ಒಂದೊಂದು ಹೆಜ್ಜೆಗೂ ಸಂಕೇತ ಮರೆಯಾಗಿ ಮೂಡುತ್ತದೆ. ಅಂಥ ಒಬ್ಬ ತಾಯಿಗೆ ಬ್ಯಾಂಡನ್ನು ಹೊರಮಗ್ಗುಲಿಗೆ ತಿರುಗಿಸಿ ಕಟ್ಟಿಕೊಟ್ಟದ್ದೇ ನಾನು ಮಾಡಿದ ದುರಸ್ತಿ. ವಾಚಿಗೆ ಗೀರು ಬೀಳದಿರಲೆಂದು ಹಾಕುವ ಲೋಹದ ಕವಚವೂ ಇದೇ ಕೇಡು ಮಾಡುತ್ತದೆ. ಬಹಳಷ್ಟು ವಾಚುಗಳಲ್ಲಿ ಆಂಟೆನಾ ಇರುವುದು ಪರದೆಯ ಸುತ್ತಲಿನ ಅಂಚಿನಲ್ಲೇ.

ಇನ್ನೊಂದು ಕಾರಣ ಪ್ರತಿಫಲನ. ಕಟ್ಟಡಕ್ಕೋ ಬಂಡೆಗೋ ತಾಗಿ ಬಳಸಿಕೊಂಡು ಬಂದ ಸಂಕೇತವನ್ನು ವಾಚು ನೇರವಾಗಿ ಬಂದದ್ದೆಂದು ನಂಬಿದರೆ ಗೆರೆ ರಸ್ತೆಯಿಂದ ಮನೆಗಳ ಮೇಲೆ ಹತ್ತುತ್ತದೆ. ದೇವರಾಜ ಅರಸು ರಸ್ತೆಯಲ್ಲಿ ಇದು ಸ್ವಲ್ಪ ಕಾಣುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಇನ್ನೂ ಹೆಚ್ಚು, ಏಕೆಂದರೆ ಒಂದು ಕಡೆ ಬೆಟ್ಟವೇ ಆಕಾಶದ ಒಂದು ಪಾಲನ್ನು ಮುಚ್ಚಿರುತ್ತದೆ, ಮೇಲೆ ಮರಗಳ ಕೊಂಬೆ ಚಾಚಿರುತ್ತದೆ. ಈಚಿನ ಕೆಲವು ವಾಚುಗಳು 1575.42 ಮೆಗಾಹರ್ಟ್ಸ್‌ನ ಹಳೆಯ ಎಲ್1 ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವನ್ನೂ ಹಿಡಿಯುತ್ತವೆ. ಎಲ್5 ಸಂಕೇತದ ಸ್ಪಂದನಗಳು ಹತ್ತು ಪಟ್ಟು ಕಿರಿದಾಗಿರುವುದರಿಂದ ನೇರ ಬಂದದ್ದನ್ನೂ ಬಳಸಿ ಬಂದದ್ದನ್ನೂ ಬೇರ್ಪಡಿಸುವುದು ಸುಲಭ. ವಾರಕ್ಕೆರಡು ಸಲ ಬೆಟ್ಟ ಹತ್ತುವವರಿಗೆ ಅಂಥ ವಾಚಿಗೆ ಹೆಚ್ಚು ಹಣ ಕೊಡುವುದು ಸಾರ್ಥಕ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ತುಳಿಯುವವರಿಗೆ ಅದು ದುಂದು ವೆಚ್ಚ: ಎರಡೂ ಕಡೆ ಕಬ್ಬು, ಭತ್ತದ ಬಯಲು, ತಲೆಯ ಮೇಲೆ ಪೂರ್ತಿ ಆಕಾಶ. ಅಲ್ಲಿ ಸಾಧಾರಣ ವಾಚೂ ನೆಟ್ಟಗೆ ಗೆರೆ ಎಳೆಯುತ್ತದೆ. ಅಲ್ಲಿಯೂ ಎಳೆಯದಿದ್ದರೆ ಆ ವಾಚಿನ ಮೇಲೆ ಅನುಮಾನಪಡಬಹುದು.

ಗೆರೆ ಚೆನ್ನಾಗಿದ್ದೂ ದೂರ ಮಾತ್ರ ತಪ್ಪಿದೆ ಎಂಬ ದೂರುಗಳು ಬೇರೆಯೇ ಬಗೆಯವು. ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದ ಹುಡುಗಿಯೊಬ್ಬಳು, 400 ಮೀಟರಿನ ಪಥದಲ್ಲಿ ಹತ್ತು ಸುತ್ತು ಓಡಿದರೆ ವಾಚು 4.2 ಕಿ.ಮೀ. ದಾಟಿಸುತ್ತದೆಂದು ಸಿಟ್ಟಿನಿಂದ ಬಂದಿದ್ದಳು. ಯಾವ ಲೇನಿನಲ್ಲಿ ಓಡುತ್ತೀಯಮ್ಮ ಎಂದು ಕೇಳಿದೆ. ಒಳಗಿನ ಲೇನುಗಳನ್ನು ವೇಗದ ಓಟಗಾರರಿಗೆ ಬಿಟ್ಟುಕೊಟ್ಟು ತಾನು ನಾಲ್ಕನೆಯದರಲ್ಲಿ ಓಡುತ್ತೇನೆಂದಳು. 400 ಮೀಟರ್ ಎಂಬುದು ಮೊದಲ ಲೇನಿನ ಅಳತೆ. ಲೇನಿನ ಅಗಲ 1.22 ಮೀಟರ್ ಆದ್ದರಿಂದ ಒಂದೊಂದು ಲೇನು ಹೊರಗೆ ಹೋದಂತೆ ಸುತ್ತಿಗೆ ಸುಮಾರು 7.7 ಮೀಟರ್ ಹೆಚ್ಚುತ್ತದೆ. ನಾಲ್ಕನೆಯ ಲೇನಿನಲ್ಲಿ ಹತ್ತು ಸುತ್ತಿಗೆ 230 ಮೀಟರ್ ಹೆಚ್ಚು. ವಾಚು ಹೇಳಿದ್ದು ಹೆಚ್ಚುಕಡಿಮೆ ಅಷ್ಟೇ. ಇಂಥ ಅಳತೆಯಲ್ಲಿ ನೂರಕ್ಕೆ ಎರಡು ಮೂರರ ವ್ಯತ್ಯಾಸವನ್ನು ನಾನಂತೂ ದೋಷವೆಂದು ಎಣಿಸುವುದಿಲ್ಲ.

ವಾಕಿಂಗ್ ಮುಗಿಸಿ ಹೋಟೆಲಿನ ಮುಂದೆ ನಿಂತು ಇಡ್ಲಿ, ಕಾಫಿ, ಊರ ಸುದ್ದಿ ಎಲ್ಲ ಮುಗಿಯುವವರೆಗೂ ವಾಚು ನಿಲ್ಲಿಸದಿದ್ದರೆ, ನಿಂತಲ್ಲೇ ಅಲುಗುವ ಚುಕ್ಕಿಗಳು ಸೇರಿ ನಕ್ಷೆಯಲ್ಲಿ ನೂಲಿನ ಸಿಕ್ಕಿನಂಥ ಗಂಟು ಮೂಡುತ್ತದೆ. ಆ ಗಂಟಿನ ಉದ್ದವೂ ನಿಮ್ಮ ಖಾತೆಗೆ ಜಮೆಯಾಗುತ್ತದೆ. ನೀವು ನಿಂತಾಗ ದಾಖಲೆಯನ್ನು ತಾನೇ ತಡೆಹಿಡಿಯುವ ‘ಆಟೊ ಪಾಜ್’ ಆನ್ ಮಾಡಿದರೆ ಸಾಕು. ಬ್ಯಾಟರಿ ಉಳಿಸುವ ಮೋಡಿನಲ್ಲಿಟ್ಟ ವಾಚು ಅಂಡಾಕಾರದ ಪಥವನ್ನು ಮೂಲೆಗಳಿರುವ ಸೈಟಿನಂತೆ ತೋರಿಸಿದರೆ, ದಾಖಲಿಸುವ ಅಂತರವನ್ನು ಸೆಕೆಂಡಿಗೊಂದು ಎಂದು ಬದಲಿಸಿಕೊಳ್ಳಿ.

ಎತ್ತರದ ವಿಚಾರ ಸ್ವಲ್ಪ ತೊಡಕಿನದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ ಎಂದು ಓದಿದವರು, ಫೋನಿನ ಯಾವುದೋ ಆಪ್ 680ರ ಆಸುಪಾಸು ತೋರಿಸಿದಾಗ ಗಾಬರಿಯಾಗುತ್ತಾರೆ. ಜಿಪಿಎಸ್ ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆ ಹೊಂದಿಸಿದ ಒಂದು ಗಣಿತದ ಮೇಲ್ಮೈಯಿಂದ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆಯಿರುವ ದೊಡ್ಡ ಪ್ರದೇಶವಿದ್ದು, ಅಲ್ಲಿ ಸಮುದ್ರಮಟ್ಟವೇ ಆ ಮೇಲ್ಮೈಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಅದರ ಪ್ರಭಾವ ನಮ್ಮವರೆಗೂ ಹಬ್ಬಿ ಇಲ್ಲಿಯೂ 80 ಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದೆ. ಒಳ್ಳೆಯ ವಾಚು ಇದನ್ನು ಲೆಕ್ಕದಲ್ಲಿ ಸರಿಪಡಿಸಿಯೇ ತೋರಿಸುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವಾಚುಗಳ ಪಾಡು ಇನ್ನೊಂದು. ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುವುದು ದಿನನಿತ್ಯದ ಕ್ರಮ. ಮೂರು ಹೆಕ್ಟೋಪಾಸ್ಕಲ್ ಇಳಿದರೆ, ಮೇಜಿನ ಮೇಲೆ ಸುಮ್ಮನಿಟ್ಟ ವಾಚೂ 25 ಮೀಟರಿಗೂ ಹೆಚ್ಚು ‘ಹತ್ತಿರುತ್ತದೆ’. ಬೆಟ್ಟ ಹತ್ತುವ ಮೊದಲು ಪಾದದಲ್ಲಿ ಎತ್ತರವನ್ನು ಹೊಂದಿಸಿಕೊಳ್ಳಬೇಕು. ಒತ್ತಡ ಅಳೆಯಲೆಂದು ವಾಚಿನ ಪಕ್ಕದಲ್ಲಿರುವ ಸೂಜಿರಂಧ್ರದಲ್ಲಿ ಬೆವರಿನ ಉಪ್ಪು ಕಟ್ಟಿದ್ದರೆ ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಪಿನ್ನು ಚುಚ್ಚಬಾರದು.

ಜಿಪಿಎಸ್‌ನಂತೆಯೇ ಜಾಗ ತೋರಿಸುವ ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಬಗ್ಗೆ, ‘ನಮ್ಮ ನಾವಿಕ್ ಇದ್ದರೆ ಇದೆಲ್ಲ ಸರಿಹೋಗುತ್ತದಾ’ ಎಂದು ಹಲವರು ಕೇಳುತ್ತಾರೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲೇ ಅದರ ಕೇಂದ್ರವಿರುವುದರಿಂದ ನಮ್ಮವರಿಗೆ ಆ ಅಭಿಮಾನ ಸಹಜ. ಆದರೆ ನಾವಿಕ್‌ನ ಮೊದಲ ತಲೆಮಾರಿನ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ತರಂಗಪಟ್ಟಿಗಳಲ್ಲಿ ಮಾತ್ರ ಮಾತನಾಡುತ್ತಿದ್ದವು, ಎಲ್1 ಮಾತ್ರ ಬಲ್ಲ ಅಗ್ಗದ ವಾಚುಗಳಿಗೆ ಅವು ಕೇಳಿಸುತ್ತಲೇ ಇರಲಿಲ್ಲ. ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಸದ್ಯಕ್ಕೆ ಸೆಟ್ಟಿಂಗ್‌ನಲ್ಲಿ ಜಿಪಿಎಸ್ ಜೊತೆ ರಷ್ಯಾದ ಗ್ಲೊನಾಸ್ ಅಥವಾ ಯುರೋಪಿನ ಗೆಲಿಲಿಯೊ ಆಯ್ಕೆಯಿದ್ದರೆ ಆನ್ ಮಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಗೆರೆ ಎಲ್ಲೆಡೆ, ಎಲ್ಲ ದಿನ, ಬಯಲಲ್ಲೂ ಕೆಟ್ಟೇ ಇದ್ದರೆ ಆಗ ವಾಚಿನೊಳಗೆ ನೋಡಬೇಕು. ನಾನು ಅಂಗಡಿಯ ತಾರಸಿಯ ಮೋಟುಗೋಡೆಯ ಮೇಲೆ ಅದೇ ಮಾದರಿಯ ಸುಸ್ಥಿತಿಯ ವಾಚೊಂದರ ಪಕ್ಕದಲ್ಲಿ ಅದನ್ನಿಟ್ಟು ಕಾಲು ಗಂಟೆ ಬಿಡುತ್ತೇನೆ. ಕೆಲವು ವಾಚುಗಳ ಪರೀಕ್ಷಾ ಪುಟದಲ್ಲಿ ಒಂದೊಂದು ಉಪಗ್ರಹದ ಸಂಕೇತದ ಬಲ ಅಂಕಿಯಲ್ಲಿ ಕಾಣುತ್ತದೆ: ಪಕ್ಕದ್ದು ಮೂವತ್ತೈದರ ಮೇಲೆ ತೋರಿಸುವಾಗ ಇದು ಇಪ್ಪತ್ತರಲ್ಲಿ ಒದ್ದಾಡುತ್ತಿದ್ದರೆ ದೋಷ ಆಂಟೆನಾದ್ದೇ. ನಾನು ಕಂಡಂತೆ ಇಂಥವುಗಳಲ್ಲಿ ಹೆಚ್ಚಿನವು ಮೊದಲು ಎಲ್ಲೋ ಒಡೆದ ಪರದೆ ಬದಲಿಸಿಕೊಂಡು ಬಂದವು. ಆಂಟೆನಾ ಮತ್ತು ಬೋರ್ಡಿನ ನಡುವೆ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಸ್ಪ್ರಿಂಗ್ ಪಟ್ಟಿಯಿರುತ್ತದೆ. ಪರದೆ ಕೂರಿಸುವಾಗ ಅದು ಮಡಚಿಕೊಂಡರೆ, ಅಥವಾ ಬೆವರು ಒಳಹೊಕ್ಕು ಅದರ ಮೇಲೆ ಹಸಿರು ಕಿಲುಬು ಕಟ್ಟಿದರೆ, ಉಳಿದೆಲ್ಲ ಕೆಲಸ ಮಾಡಿಕೊಂಡೇ ಜಿಪಿಎಸ್ ಮಾತ್ರ ಸೊರಗುತ್ತದೆ. ಕಿಲುಬು ತೆಗೆದು ಪಟ್ಟಿಯನ್ನು ಎತ್ತಿ ಕೂರಿಸುವುದು ಹತ್ತು ನಿಮಿಷದ ಕೆಲಸ, ಹೊಸ ರಬ್ಬರ್ ಉಂಗುರ ಹಾಕಿ ಗಾಳಿಯ ಒತ್ತಡದಲ್ಲಿ ಸೋರಿಕೆ ನೋಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೀಗೆ ಒಮ್ಮೆ ಬಿಚ್ಚಿದ ವಾಚನ್ನು ಕಟ್ಟಿಕೊಂಡು ಈಜಬೇಡಿ ಎಂದು ರಸೀದಿಯ ಮೇಲೆ ಬರೆದೇ ಕೊಡುತ್ತೇನೆ. ವಾರಂಟಿ ಉಳಿದಿದ್ದರೆ ನಾನು ಬಿಚ್ಚುವುದೇ ಇಲ್ಲ; ಎರಡು ವಾಚುಗಳ ಗೆರೆಗಳನ್ನು ಒಂದೇ ನಕ್ಷೆಯ ಮೇಲೆ ಮುದ್ರಿಸಿಕೊಟ್ಟು, ಅದನ್ನು ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಲು ಹೇಳುತ್ತೇನೆ.