ಊರಿನ ಪಿನ್‌ಕೋಡ್ ನೆನಪಿದೆಯಾ?

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲೋ ಕೆ.ಆರ್. ಮಾರ್ಕೆಟ್ಟಿನ ಸುತ್ತಮುತ್ತಲೋ ಮನೆಯಿಲ್ಲದೆ ಬೀದಿಯಲ್ಲಿ ರಾತ್ರಿ ಕಳೆಯುವವರ ಕಾಗದಪತ್ರ ಹೋಗುವುದು ಹೆಚ್ಚಾಗಿ ಮೂರು ರೀತಿ. ತಲೆಯಡಿ ಇಟ್ಟ ಬ್ಯಾಗನ್ನು ಯಾರೋ ಎಳೆದೊಯ್ಯುತ್ತಾರೆ, ಮಳೆಯಲ್ಲಿ ನೆನೆದು ಮುದ್ದೆಯಾಗುತ್ತದೆ, ಇಲ್ಲವೇ ಬೆಳಗಿನ ಕಸದ ಗಾಡಿಗೆ ಗಂಟಿನ ಸಮೇತ ಸೇರುತ್ತದೆ. ಆಮೇಲೆ ಅವರ ಜೊತೆ ಆಧಾರ್ ಕೇಂದ್ರಕ್ಕೆ ಹೋಗುವವರು ಮಾಡುವ ಮೊದಲ ತಪ್ಪು, ಹೊಸ ಆಧಾರ್‌ಗೆ ಅರ್ಜಿ ಹಾಕಿಸುವುದು.

ಹಿಂದೊಮ್ಮೆ ಬೆರಳು, ಕಣ್ಣು ಕೊಟ್ಟವರು ಮತ್ತೆ ನೋಂದಾಯಿಸಿದರೆ ಹಳೆಯ ದಾಖಲೆಯ ಜೊತೆ ತಾಳೆಯಾಗಿ, ಡುಪ್ಲಿಕೇಟ್ ಎಂದು ಅರ್ಜಿ ತಿರಸ್ಕಾರವಾಗುತ್ತದೆ. ಅದು ಗೊತ್ತಾಗುವ ಹೊತ್ತಿಗೆ ವಾರಗಟ್ಟಲೆ ಸಮಯ ಹೋಗಿರುತ್ತದೆ. 18 ದಾಟಿದವರ ಹೊಸ ಅರ್ಜಿಗೆ ರಾಜ್ಯ ಸರ್ಕಾರದ ಪರಿಶೀಲನೆಯೂ ಇರುವುದರಿಂದ 180 ದಿನದವರೆಗೂ ಎಳೆಯಬಹುದು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಇದು: “ಯಾವತ್ತಾದರೂ ಹತ್ತೂ ಬೆರಳು ಇಡಿಸಿಕೊಂಡು, ಕಣ್ಣಿಗೆ ಮಿಷನ್ ಹಿಡಿದಿದ್ರಾ?” ಬರೀ “ಆಧಾರ್ ಇತ್ತಾ?” ಅಂದರೆ ರೇಷನ್ ಕಾರ್ಡು, ವೋಟರ್ ಕಾರ್ಡು ಎಲ್ಲವನ್ನೂ ಕಲಸಿ ಉತ್ತರ ಕೊಡುತ್ತಾರೆ. ಕಣ್ಣಿಗೆ ಹಿಡಿದ ಮಿಷನ್ ಮಾತ್ರ ಯಾರಿಗೂ ಮರೆತಿರುವುದಿಲ್ಲ.

ಹೌದು ಎಂದರೆ ಕಾರ್ಡು ಹೋಗಿದೆ, ನಂಬರ್ ಎಲ್ಲೂ ಹೋಗಿಲ್ಲ. ಅದನ್ನು ಹುಡುಕಬೇಕು ಅಷ್ಟೆ. ಹೆಬ್ಬೆಟ್ಟು ಒತ್ತಿದರೆ ನಂಬರ್ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದೆ, ಹಾಗೆ ಬರುವುದಿಲ್ಲ. ಹೆಸರು, ಲಿಂಗ, ಜಿಲ್ಲೆ ಅಥವಾ ಪಿನ್‌ಕೋಡ್ ಹಾಕಿ ಹುಡುಕಬೇಕು, ಸಿಕ್ಕಿದ ಮೇಲೆ ಬೆರಳೋ ಕಣ್ಣೋ ತಾಳೆ ನೋಡುತ್ತಾರೆ. ಈ ವಿವರಗಳು ಕಾರ್ಡಿನಲ್ಲಿ ಇದ್ದಂತೆಯೇ ಇರಬೇಕು. ಕೆಲಸ ಕೆಡುವುದು ಇಲ್ಲೇ.

ಪಿನ್‌ಕೋಡ್ ಎಂದರೆ ಈಗ ಮಲಗುವ ಜಾಗದ್ದಲ್ಲ, ಆಧಾರ್ ಮಾಡಿಸಿದಾಗ ಕೊಟ್ಟ ವಿಳಾಸದ್ದು. ರಾಯಚೂರು ಕಡೆಯದಾದರೆ 584ರಿಂದ, ಕಲಬುರಗಿ, ಯಾದಗಿರಿ ಕಡೆಯದಾದರೆ 585ರಿಂದ ಶುರುವಾಗುತ್ತದೆ. ಊರಿನ ಹೆಸರು ಗೊತ್ತಿದ್ದರೆ ಅಲ್ಲಿಗೆ ಟಪಾಲು ಹಂಚುವ ಅಂಚೆ ಕಚೇರಿಯ ಪಿನ್ ಹುಡುಕಿ ಬರೆದಿಟ್ಟುಕೊಳ್ಳಿ. ಹೆಸರಿನದು ಇನ್ನೊಂದು ಕಥೆ. ಬೆಂಗಳೂರಿನಲ್ಲಿ ಹನುಮಂತ ಎಂದು ಹೇಳಿಕೊಳ್ಳುವವರು ಕಾರ್ಡಿನಲ್ಲಿ ಹಣಮಂತ, ಹನಮಂತಪ್ಪ, ಹಣಮಂತರಾಯ ಯಾವುದಾದರೂ ಆಗಿರಬಹುದು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಅದು ಇನ್ನೂ ಕವಲೊಡೆಯುತ್ತದೆ. ನಾಲ್ಕೈದು ರೂಪಗಳನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಆಪರೇಟರ್ ತಾಳ್ಮೆ ಕಳೆದುಕೊಳ್ಳುವ ಮುಂಚೆ ಎಲ್ಲವನ್ನೂ ಹಾಕಿ ನೋಡಬಹುದು. ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ವರ್ಷವೂ ಚೀಟಿಯಲ್ಲಿರಲಿ. ವಯಸ್ಸು ಅಂದಾಜಿಗೆ ಹೇಳಿ ಮಾಡಿಸಿದವರ ಕಾರ್ಡಿನಲ್ಲಿ ವರ್ಷ ಮಾತ್ರ ಇರುವುದೂ ಉಂಟು, ಜನವರಿ 1 ಎಂದಿರುವುದೂ ಉಂಟು.

ಇದಕ್ಕಿಂತ ಸುಲಭದ ದಾರಿಯನ್ನು ಬಹಳ ಜನ ಮರೆಯುತ್ತಾರೆ. ಊರಲ್ಲಿರುವ ಅಣ್ಣನ ಹತ್ತಿರ ಹಳೆಯ ಜೆರಾಕ್ಸ್ ಇರಬಹುದು. ಕೆಲಸಕ್ಕೆ ಕರೆತಂದ ಮೇಸ್ತ್ರಿ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿರಬಹುದು. ಉದ್ಯೋಗ ಖಾತ್ರಿ ಕಾರ್ಡು ಮಾಡಿಸಿದ ಪಂಚಾಯಿತಿಯಲ್ಲಿ, ಖಾತೆ ತೆರೆದ ಬ್ಯಾಂಕಿನಲ್ಲಿ ಪ್ರತಿ ಇರಬಹುದು. ಊರಿನೊಂದಿಗೆ ಮಾತು ಬಿಟ್ಟವರನ್ನು ಮಾತ್ರ ಇದಕ್ಕೆ ಒತ್ತಾಯಿಸಬೇಡಿ.

ಚೀಟಿ ಸಿದ್ಧವಾದ ಮೇಲೆ ಮೊದಲು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ನೋಂದಾಯಿತ ಮೊಬೈಲ್ ಬೇಕಿಲ್ಲ. ವಿವರ ತಾಳೆಯಾದರೆ ಆಧಾರ್ ಮಾಡಿಸಿದಾಗಿನ ನೋಂದಣಿ ಸಂಖ್ಯೆ ಕೊಡುತ್ತಾರೆ. ಅದನ್ನು ಹಿಡಿದು ಮತ್ತೆ ಅದೇ ನಂಬರಿಗೆ ಕರೆ ಮಾಡಿ, ಯಂತ್ರದ ದನಿ ಕೇಳಿದಾಗ ನೋಂದಣಿ ಸಂಖ್ಯೆ, ಜನ್ಮ ದಿನಾಂಕ, ಪಿನ್‌ಕೋಡ್ ಒತ್ತಿದರೆ ಆಧಾರ್ ನಂಬರ್ ಓದಿ ಹೇಳುತ್ತದೆ. ಆಗದಿದ್ದರೆ ಆಧಾರ್ ಕೇಂದ್ರಕ್ಕೆ ಆ ವ್ಯಕ್ತಿಯೇ ಹೋಗಬೇಕು. ಹುಡುಕಿ ಬಣ್ಣದ ಪ್ರಿಂಟ್ ಕೊಡಲು 2025ರ ಅಕ್ಟೋಬರ್‌ನಿಂದ 40 ರೂಪಾಯಿ. ಈ ಪ್ರಿಂಟಿಗೆ ಅಂಚೆಯಲ್ಲಿ ಬರುವ ಕಾರ್ಡಿನಷ್ಟೇ ಮಾನ್ಯತೆ ಇದೆ. ಪೊಲೀಸ್ ದೂರು, ನೋಟರಿ ಅಫಿಡವಿಟ್ ಯಾವುದೂ ಬೇಕಿಲ್ಲ. ಅವು ಬೇಕೇ ಬೇಕೆಂದು ಹೇಳಿ ನೂರಾರು ರೂಪಾಯಿ ಕೀಳುವ ಏಜೆಂಟರಿಂದ ದೂರ ಇರಿ.

ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು ಸವೆದ ಬೆರಳಿನ ಗೆರೆ ಮಿಷನ್ನಿಗೆ ಸಿಗುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೇರೆ ಬೆರಳಿಟ್ಟು ನೋಡಿಸಿ. ಎರಡು ಸಲ ಸೋತರೆ ಕಣ್ಣಿನ ಮಿಷನ್ ಕೇಳಿ. ಪೊರೆ ಬಂದ ಕಣ್ಣಾದರೆ ಇನ್ನೊಂದು ಕಣ್ಣು. ಒಂದೇ ಬೆರಳಿಗೆ ಪ್ರಯತ್ನಿಸಿ ‘ಬರ್ತಾ ಇಲ್ಲ, ನಾಳೆ ಬನ್ನಿ’ ಎಂದರೆ ಎದ್ದು ಬರಬೇಡಿ.

ನಂಬರ್ ಸಿಕ್ಕ ಮೇಲೆ ಸಿಮ್. ಬಳಸದ ಸಿಮ್ 90 ದಿನ ಕಳೆದರೆ ರದ್ದಾಗಿ, ಆ ನಂಬರ್ ಬೇರೆಯವರ ಪಾಲಾಗಬಹುದು. ಹಾಗಾದರೆ ಆಧಾರ್‌ನ ಒಟಿಪಿ ಅವರಿಗೆ ಹೋಗುತ್ತದೆ. ಪ್ರಿಂಟ್ ತೋರಿಸಿ ಸಿಮ್ ತೆಗೆದುಕೊಂಡು, ಕೇಂದ್ರದಲ್ಲಿ 75 ರೂಪಾಯಿ ಕಟ್ಟಿ ಹೊಸ ಮೊಬೈಲ್ ನಂಬರ್ ಸೇರಿಸಿ. ಅದಕ್ಕೆ ದಾಖಲೆ ಕೇಳುವುದಿಲ್ಲ. ವಿಳಾಸವನ್ನು ಮಾತ್ರ ಅವಸರದಲ್ಲಿ ಬದಲಿಸಬೇಡಿ. ಇಂದು ಈ ಶೆಲ್ಟರ್, ಮುಂದಿನ ತಿಂಗಳು ಇನ್ನೊಂದು ಎಂಬ ಬದುಕಿನಲ್ಲಿ ಊರಿನ ವಿಳಾಸವೇ ಹೆಚ್ಚು ಗಟ್ಟಿ.

ನಿಜವಾಗಿಯೂ ಎಂದೂ ಆಧಾರ್ ಮಾಡಿಸದವರಿಗೆ, ಯಾವ ದಾಖಲೆಯೂ ಇಲ್ಲದಿದ್ದರೆ, ಆಧಾರ್ ಪ್ರಾಧಿಕಾರದ ಪ್ರಮಾಣಪತ್ರದ ನಮೂನೆ ಇದೆ. ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ್, ಶಾಸಕರು ಸಹಿ ಮಾಡಬಹುದು. ಮಾನ್ಯತೆ ಪಡೆದ ಶೆಲ್ಟರ್‌ನ ಮುಖ್ಯಸ್ಥರಿಗೂ ಆ ಅಧಿಕಾರ ಇದೆ. ಫೋಟೊ ಅಂಟಿಸಿ, ಸಹಿ ಮತ್ತು ಮೊಹರು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ದಿನಾಂಕ ಬಿಟ್ಟುಹೋದರೆ, ಒಂದಕ್ಷರ ತಿದ್ದಿದ್ದರೆ ವಾಪಸ್. ಪತ್ರಕ್ಕೆ ಮೂರೇ ತಿಂಗಳ ಆಯಸ್ಸು, ಆದ್ದರಿಂದ ಕೇಂದ್ರದ ಅಪಾಯಿಂಟ್‌ಮೆಂಟ್ ಗೊತ್ತಾದ ಮೇಲೆ ಸಹಿ ಮಾಡಿಸಿ. ನೋಂದಣಿಯಾದ ಮೇಲೆ ಕೇಂದ್ರದಲ್ಲಿ ಕೊಡುವ ಸ್ವೀಕೃತಿ ಚೀಟಿಯಲ್ಲಿ 14 ಅಂಕಿಯ ನೋಂದಣಿ ಸಂಖ್ಯೆ, ದಿನಾಂಕ, ಸಮಯ ಇರುತ್ತವೆ. ಅದರ ಫೋಟೊ ತೆಗೆದು ಇಬ್ಬರ ಫೋನಿನಲ್ಲಾದರೂ ಇಟ್ಟಿರಿ.

ಅಷ್ಟರವರೆಗೆ ಕೂಲಿ ಹಾಕಿಸಿಕೊಳ್ಳಲು ಖಾತೆ ಬೇಕಾದರೆ ಬ್ಯಾಂಕಿನಲ್ಲಿ ‘ಸ್ಮಾಲ್ ಅಕೌಂಟ್’ ಕೇಳಿ. ಫೋಟೊ ಕೊಟ್ಟು, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಖಾತೆಯಲ್ಲಿರುವ ಹಣ 50,000 ರೂಪಾಯಿ ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ವರ್ಷಕ್ಕೆ ಜಮೆ 1 ಲಕ್ಷದೊಳಗೆ. 12 ತಿಂಗಳು ನಡೆಯುತ್ತದೆ, ದಾಖಲೆಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಇನ್ನೂ 12 ತಿಂಗಳು. ಕೌಂಟರಿನಲ್ಲಿ ‘ಹಾಗೇನಿಲ್ಲ’ ಎಂದರೆ ಮ್ಯಾನೇಜರನ್ನೇ ಕಾಣಿ, ಇದು ರಿಸರ್ವ್ ಬ್ಯಾಂಕಿನ ನಿಯಮ.

ಮತದಾರರ ಪಟ್ಟಿಗೆ ಮನೆಯೇ ಬೇಕೆಂದಿಲ್ಲ. ಹೊಸದಾಗಿ ಹೆಸರು ಸೇರಿಸುವ ಫಾರಂ 6ರಲ್ಲಿ ರಾತ್ರಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಅದೂ ಒಂದಕ್ಕಿಂತ ಹೆಚ್ಚು ರಾತ್ರಿ, ಅಲ್ಲೇ ಮಲಗುವುದನ್ನು ಕಂಡರೆ ವಾಸದ ಪುರಾವೆ ಕೇಳುವಂತಿಲ್ಲ. ಹಾಗಾಗಿ ‘ಕಲಾಸಿಪಾಳ್ಯ’ ಎಂದಷ್ಟೇ ಬರೆದರೆ ಸಾಲದು. ಯಾವ ರಸ್ತೆ, ಯಾವ ಅಂಗಡಿಯ ಷಟರ್ ಮುಂದೆ, ಎಷ್ಟು ಗಂಟೆಯ ಮೇಲೆ ಸಿಗುತ್ತಾರೆ ಎಂದು ಬರೆಯಿರಿ. ಪಕ್ಕದಲ್ಲಿ ಮಲಗುವವರಿಗೂ ಹೇಳಿಡಿ: ರಾತ್ರಿ ಯಾರೋ ಹೆಸರು ಹಿಡಿದು ವಿಚಾರಿಸಿದರೆ ಭಿಕ್ಷುಕರನ್ನು ಹಿಡಿಯುವ ಗಾಡಿಯೆಂದು ಹೆದರಿ ‘ಅಂಥವರು ಇಲ್ಲಿಲ್ಲ’ ಅನ್ನಬೇಡಿ ಎಂದು.