ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಬದಲಿಸಬೇಡಿ

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿಕೊಂಡವರು ಶಿರಸಿಯ ನಮ್ಮ ರಿಪೇರಿ ಅಂಗಡಿಗೆ ಪೆಟ್ಟಿಗೆ ಹೊತ್ತು ತಂದರೆ ದೂರು ಸಾಮಾನ್ಯವಾಗಿ ಒಂದೇ. ಹಾಡು ಚೆನ್ನಾಗಿ ಬರುತ್ತದೆ, ಹಿಂದೆ ಗುಂಯ್ ಅನ್ನುವುದು ಮಾತ್ರ ನಿಲ್ಲುವುದಿಲ್ಲ. ದೂರಿನ ಜೊತೆಗೆ ಮದ್ದನ್ನೂ ಅವರೇ ಹೇಳುತ್ತಾರೆ: ‘ಕೆಪಾಸಿಟರ್ ಸಣ್ಣದಾಯ್ತು, ದೊಡ್ಡದು ಹಾಕಿಕೊಡಿ.’ ಕೆಪಾಸಿಟರ್ ಎಂದರೆ ಕರೆಂಟನ್ನು ತುಂಬಿಟ್ಟುಕೊಂಡು ಸಪ್ಲೈಯ ಏರಿಳಿತ ತಗ್ಗಿಸುವ ಭಾಗ. ಇಷ್ಟು ವರ್ಷಗಳಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿ ಈ ಸಲ ಬರೆಯಲು ಕೂತಿದ್ದೇನೆ.

ಕಳೆದ ಮಳೆಗಾಲದಲ್ಲಿ ಕುಮಟಾದಿಂದ ಒಬ್ಬ ಹುಡುಗ ದೇವಿಮನೆ ಘಾಟಿ ಹತ್ತಿ ಬಂದಿದ್ದ. ಎಲ್‌ಎಂ3886 ಎನ್ನುವ ಆಂಪ್ಲಿಫೈಯರ್ ಐಸಿ ಎರಡು, ಒಳ್ಳೆಯ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್, ಅಲ್ಯೂಮಿನಿಯಂ ಪೆಟ್ಟಿಗೆ. ಬೆಸುಗೆ ಒಂದೊಂದೂ ಹೊಳೆಯುತ್ತಿತ್ತು. ಅಷ್ಟು ಶ್ರದ್ಧೆಯ ಕೆಲಸ ನೋಡಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಗುಂಯ್ ಹೋಗಲಿ ಎಂದು ಮೊದಲಿದ್ದ 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು 10,000ದ್ದು ನಾಲ್ಕು ಹಾಕಿದ್ದ. ಸದ್ದು ಇನ್ನೂ ಒರಟಾಗಿತ್ತು. ‘ಹೀಗ್ಯಾಕೆ ಸರ್, ಕಡಿಮೆ ಆಗಬೇಕಿತ್ತಲ್ಲ?’ ಎಂದು ಕೇಳಿದ.

ಅವನ ಪ್ರಶ್ನೆಗೆ ಉತ್ತರ ಪೆಟ್ಟಿಗೆಯೊಳಗೇ ಇತ್ತು. ಕೆಪಾಸಿಟರ್‌ಗಳ ನಡುವಿನ ಗ್ರೌಂಡನ್ನು, ಅಂದರೆ ಕರೆಂಟು ಮರಳುವ ಸೊನ್ನೆ ವೋಲ್ಟಿನ ತುದಿಯನ್ನು, ಟ್ರಾನ್ಸ್‌ಫಾರ್ಮರ್ ಪಕ್ಕದ ಸ್ಕ್ರೂಗೆ ಕೊಟ್ಟಿದ್ದ. ಸ್ಪೀಕರಿನ ಮೈನಸ್ ಹಿಂದಿನ ತಗಡಿಗೆ ಹೋಗಿತ್ತು. ಇನ್‌ಪುಟ್ ಸಾಕೆಟ್ಟಿನ ಹೊರಬಳೆ ಇನ್ನೊಂದು ತುದಿಯಲ್ಲಿ ಅದೇ ತಗಡಿಗೆ ತಾಗಿಕೊಂಡಿತ್ತು. ಸರ್ಕ್ಯೂಟ್ ಚಿತ್ರದಲ್ಲಿ ಇವೆಲ್ಲಕ್ಕೂ ಗ್ರೌಂಡಿನ ಒಂದೇ ಗುರುತು ಇರುತ್ತದೆ. ಹಾಗಾಗಿ ಎಲ್ಲಿ ಕಟ್ಟಿದರೂ ಒಂದೇ ಎಂದು ಜನ ತಿಳಿಯುತ್ತಾರೆ. ಒಂದೇ ಅಲ್ಲ. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಇದನ್ನೇ ಬಿಡಿಸಿ ಹೇಳಬೇಕು, ಏಕೆಂದರೆ ಇದೊಂದು ಮಾತು ಯಾರ ತಲೆಗೂ ಹೋಗುತ್ತಿಲ್ಲ.

ವೈರಿಗೂ ರೆಸಿಸ್ಟೆನ್ಸ್ ಇದೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು ಹತ್ತು ಸೆಂಟಿಮೀಟರ್ ಇದ್ದರೆ ಸುಮಾರು 3.4 ಮಿಲಿಓಮ್. ಏನೂ ಅಲ್ಲ ಅನಿಸುತ್ತದೆ. ಈಗ ಪವರ್ ಸಪ್ಲೈ ಕಡೆ ನೋಡಿ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಕೆಪಾಸಿಟರಿಗೆ ಒಂದೇ ಸಮನೆ ಕರೆಂಟ್ ತುಂಬುವುದಿಲ್ಲ. 50 ಹರ್ಟ್ಸ್ ಲೈನಿನ ಪ್ರತಿ ಅಲೆಯ ಎರಡು ತುದಿಗಳಲ್ಲಿ, ಅಂದರೆ ಸೆಕೆಂಡಿಗೆ ನೂರು ಸಲ, ಚೂಪಾದ ಹೊಡೆತಗಳಾಗಿ ತುಂಬುತ್ತದೆ. ಹಾಡು ಇಲ್ಲದಾಗಲೂ ಆ ಹೊಡೆತ ಒಂದು ಆಂಪಿಯರ್ ಮುಟ್ಟಿತು ಎನ್ನೋಣ. ಆ ಹತ್ತು ಸೆಂಟಿಮೀಟರಿನ ಎರಡು ತುದಿಗಳ ನಡುವೆ 3.4 ಮಿಲಿವೋಲ್ಟ್ ಹುಟ್ಟುತ್ತದೆ. ಇನ್‌ಪುಟ್ಟಿನ ಗ್ರೌಂಡ್ ಈ ತುದಿಯಲ್ಲಿ, ಐಸಿಯ ಗ್ರೌಂಡ್ ಆ ತುದಿಯಲ್ಲಿ ಇದ್ದರೆ ಐಸಿಗೆ ಅದೂ ಹಾಡಿನ ಭಾಗವೇ. ಇಪ್ಪತ್ತು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಸುಮಾರು 70 ಮಿಲಿವೋಲ್ಟ್. ರಾತ್ರಿ ಊಟವಾಗಿ ಮನೆ ಮಂದಿ ಮಲಗಿದ ಮೇಲೆ ಅದು ಸ್ಪಷ್ಟವಾಗಿ ಕೇಳುತ್ತದೆ.

ತೋಟ ಇದ್ದವರಿಗೆ ಹೀಗೆ ಹೇಳುತ್ತೇನೆ. ದೊಡ್ಡ ಬಸಿಗಾಲುವೆಗೆ ಸಣ್ಣ ಬಸಿಗಾಲುವೆ ಸೇರಿಸಿದರೆ, ದೊಡ್ಡದು ತುಂಬಿ ಬಂದಾಗ ನೀರು ಸಣ್ಣದರಲ್ಲಿ ಹಿಂದಕ್ಕೆ ಏರಿ ಅಡಿಕೆ ಬುಡದಲ್ಲಿ ನಿಲ್ಲುತ್ತದೆ. ಸಣ್ಣದನ್ನು ಎಲ್ಲಿ ಸೇರಿಸಿದಿರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಶಿರಸಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದನ್ನು ಅವರೇ ಪೆನ್ಸಿಲ್ ಹಿಡಿದು ಬಿಡಿಸುತ್ತಾರೆ.

ಇನ್ನು ಕುಮಟಾದ ಹುಡುಗನ ಪ್ರಶ್ನೆ. ಕೆಪಾಸಿಟರ್ ದೊಡ್ಡದಾದಷ್ಟೂ ಅದು ಖಾಲಿಯಾಗುವುದು ಕಡಿಮೆ, ಹಾಗಾಗಿ ತುಂಬುವ ಹೊತ್ತೂ ಕಡಿಮೆ. ಅದೇ ಕರೆಂಟು ಕಡಿಮೆ ಹೊತ್ತಿನಲ್ಲಿ ನುಗ್ಗಬೇಕು, ಹೊಡೆತ ಇನ್ನೂ ಚೂಪಾಗುತ್ತದೆ, ಎತ್ತರವಾಗುತ್ತದೆ. ಗ್ರೌಂಡ್ ದಾರಿ ತಪ್ಪಾಗಿದ್ದರೆ ಗುಂಯ್ ಹೆಚ್ಚೇ ಆಗುತ್ತದೆ, ಕಡಿಮೆಯಾಗುವುದಿಲ್ಲ. ಅವನ ಪೆಟ್ಟಿಗೆಯಲ್ಲಿ ಒಂದು ಭಾಗವನ್ನೂ ಬದಲಿಸಲಿಲ್ಲ, ವೈರುಗಳನ್ನಷ್ಟೇ ಬದಲಿಸಿದೆವು. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್, ಅಂದರೆ ಸುರುಳಿಯ ನಡುವಿನಿಂದ ಬರುವ ವೈರು, ನೇರವಾಗಿ ಕೆಪಾಸಿಟರ್‌ಗಳ ನಡುವಿಗೆ. ಅಲ್ಲಿಂದ ದಪ್ಪದೊಂದು ಗಿಡ್ಡ ವೈರಿನಲ್ಲಿ ಬೇರೆ ಒಂದು ಬಿಂದುವಿಗೆ. ಸ್ಪೀಕರ್ ಮೈನಸ್ಸುಗಳು, ಬೋರ್ಡುಗಳ ಪವರ್ ಗ್ರೌಂಡ್ ಎಲ್ಲ ಆ ಬಿಂದುವಿಗೆ, ಒಂದೊಂದಕ್ಕೂ ಪ್ರತ್ಯೇಕ ವೈರು. ಇನ್‌ಪುಟ್ ಸಾಕೆಟ್ಟಿಗೆ ಪ್ಲಾಸ್ಟಿಕ್ ವಾಷರ್ ಹಾಕಿ ತಗಡಿನಿಂದ ಬಿಡಿಸಿ, ಅದರ ಗ್ರೌಂಡನ್ನು ಬೋರ್ಡಿಗೆ ಮಾತ್ರ ಕೊಟ್ಟೆವು. ಆ ಬಿಂದುವಿನಿಂದ ತಗಡಿಗೆ ಒಂದೇ ಒಂದು ಕಡೆ ಜೋಡಣೆ. ಆನ್ ಮಾಡಿದಾಗ ಅವನು ಸ್ಪೀಕರಿಗೆ ಕಿವಿ ಆನಿಸಿ, ‘ಸರ್, ಆನ್ ಆಗಿದೆಯಾ?’ ಎಂದ.

ಮನೆಯಲ್ಲೇ ಪತ್ತೆ ಮಾಡುವ ದಾರಿಯೂ ಇದೆ. ಇನ್‌ಪುಟ್ ಸಾಕೆಟ್ಟಿನ ನಡುಕಡ್ಡಿಗೂ ಹೊರಬಳೆಗೂ ಶಾರ್ಟ್ ಕೊಡಿ. ಸದ್ದು ಹಾಗೇ ಉಳಿದರೆ ತೊಂದರೆ ಪೆಟ್ಟಿಗೆಯೊಳಗಿದೆ, ನಿಂತರೆ ಹೊರಗಿನಿಂದ ಬರುತ್ತಿದೆ. ಕಿವಿಗೂ ಗೊತ್ತಾಗುತ್ತದೆ. 50 ಹರ್ಟ್ಸಿನದು ಮೆತ್ತಗೆ, ಆಳದಿಂದ ಬರುತ್ತದೆ, ಹೆಚ್ಚಾಗಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಹಾದ ಇನ್‌ಪುಟ್ ವೈರು ಅಥವಾ ಹೊರಗಿನ ಗ್ರೌಂಡ್ ಲೂಪ್ (ಎರಡು ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಕೂಡಿ ಆಗುವ ಸುತ್ತು) ಕಾರಣ. ನೂರರದು ಜುಂಯ್ ಎಂದು ಒರಟಾಗಿರುತ್ತದೆ, ಅದು ರೆಕ್ಟಿಫೈಯರ್ ಕಡೆಯದು. ಇದು ಬಹುಮಟ್ಟಿಗೆ ಸರಿಹೋಗುವ ಲೆಕ್ಕ, ಪ್ರತಿ ಸಲವೂ ಹೀಗೇ ಎಂದು ಖಾತ್ರಿ ಕೊಡಲಾರೆ.

ಸಂಗೀತ ಕೇಳುವವರ ಕಿವಿ ನನ್ನ ಮೀಟರಿಗಿಂತ ಚುರುಕು. ಹಿಂದೂಸ್ತಾನಿ ಕೇಳುವ ಹಿರಿಯರೊಬ್ಬರು, ಅಡಿಕೆ ಬೆಳೆಗಾರರು, ಮಗ ಕಟ್ಟಿದ ಆಂಪ್ಲಿಫೈಯರ್ ತಂದು ನನ್ನ ಮೇಜಿನ ಮೇಲಿಟ್ಟು ಹೇಳಿದ್ದು ಹೀಗೆ: ‘ತಮಾ, ತಂಬೂರಿ ಒಂದು ಶ್ರುತಿ ಹಿಡದ್ದು, ಈ ಪೆಟ್ಗೆ ಮತ್ತೊಂದು ಹಿಡದ್ದು. ಯಾವ್ದು ಕೇಳವು?’ ನೂರು ಹರ್ಟ್ಸ್ ಎಂದರೆ ಹಾರ್ಮೋನಿಯಂನ ಬಿಳಿ ಐದಕ್ಕಿಂತ ತುಸು ಮೇಲೆ, ಕರಿಗೆ ಮುಟ್ಟದ ಸ್ವರ. ಯಾವ ಶ್ರುತಿಗೂ ಸರಿಯಾಗಿ ಕೂರುವುದಿಲ್ಲ. ಯಕ್ಷಗಾನದ ಚಂಡೆ ಬಿದ್ದಾಗ ಅದು ಮುಚ್ಚಿಹೋಗುತ್ತದೆ. ಆಲಾಪ ಶುರುವಾಗಿ ತಂಬೂರಿ ಮಾತ್ರ ನುಡಿಯುವಾಗ ಮರೆಯಾಗಲು ಅದಕ್ಕೆ ಜಾಗವಿಲ್ಲ. ಆ ಪೆಟ್ಟಿಗೆಯಲ್ಲಿ ಇನ್‌ಪುಟ್ ವೈರನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಿ, ಗ್ರೌಂಡ್ ಬಿಂದು ಸರಿ ಮಾಡಿದ ಮೇಲೆ ಹಿರಿಯರು ಅರ್ಧ ಗಂಟೆ ಅಲ್ಲೇ ಸ್ಟೂಲಿನ ಮೇಲೆ ಕೂತು ಕೇಳಿದರು. ಅಂಗಡಿಗೆ ಬಂದ ಗಿರಾಕಿಗಳು ಸುಮ್ಮನೆ ಕಾದರು. ಅಂಗಡಿಯಲ್ಲಿ ಸಿದ್ಧ ಪೆಟ್ಟಿಗೆ ಇದಕ್ಕಿಂತ ಅಗ್ಗಕ್ಕೆ ಸಿಗುವಾಗ ಕಟ್ಟುವುದೇಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಇಂಥ ಅರ್ಧ ಗಂಟೆಗಳನ್ನೇ.

ಈಗ ಸಿಟ್ಟಿನ ವಿಷಯ. ಟಿವಿಯ ಸೆಟ್‌ಟಾಪ್ ಬಾಕ್ಸೋ ಚಾರ್ಜರಿಗೆ ಹಾಕಿದ ಲ್ಯಾಪ್‌ಟಾಪೋ ಜೋಡಿಸಿದಾಗ ಮಾತ್ರ ಗುಂಯ್ ಬರುತ್ತದೆ. ಯಾರೋ ಹೇಳುತ್ತಾರೆ, ಪ್ಲಗ್ಗಿನ ಮೂರನೇ ಪಿನ್ನು, ಅರ್ಥಿಂಗಿನದು, ಕಿತ್ತುಬಿಡಿ. ಕೀಳುತ್ತಾರೆ. ಸದ್ದು ನಿಲ್ಲುತ್ತದೆ, ಯಾಕೆಂದರೆ ಎರಡು ಉಪಕರಣಗಳ ನಡುವಿನ ಲೂಪ್ ಕಡಿದಿದೆ. ಜೊತೆಗೆ ಪ್ರಾಣ ಕಾಯುವ ವೈರೂ ಕಡಿದಿದೆ. ನಮ್ಮ ಜಿಲ್ಲೆಯ ಮಳೆಗಾಲದ ತೇವದಲ್ಲಿ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಒಂದು ದಿನ ಕೈಕೊಟ್ಟರೆ ಇಡೀ ತಗಡಿನ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ. ಅರ್ಥಿಂಗ್ ಇದ್ದರೆ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ವಾಲ್ಯೂಮ್ ತಿರುಗಿಸುವ ಮಗುವಿನ ಮೈಯಲ್ಲಿ ಹರಿಯುತ್ತದೆ. ಪಿನ್ನು ಕಿತ್ತ ಪೆಟ್ಟಿಗೆ ನನ್ನ ಮೇಜಿಗೆ ಬಂದರೆ ಹೊಸ ಪ್ಲಗ್ ಹಾಕದೆ ನಾನು ಮುಂದಿನ ಕೆಲಸ ಮುಟ್ಟುವುದಿಲ್ಲ. ಮುನಿಸಿಕೊಂಡು ಹೋದವರಿದ್ದಾರೆ, ಹೋಗಲಿ. ಲೂಪ್ ಕಡಿಯಲು ಬೇರೆ ದಾರಿಗಳಿವೆ. ಸಿಗ್ನಲ್ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಪೆಟ್ಟಿಗೆಯೊಳಗೆ ಇನ್‌ಪುಟ್ ಗ್ರೌಂಡಿಗೂ ಆ ಮುಖ್ಯ ಬಿಂದುವಿಗೂ ನಡುವೆ 10 ಓಮಿನ ರೆಸಿಸ್ಟರ್ ಕೊಡಬಹುದು. ತಗಡಿಗೆ ಬರುವ ಹಸಿರು ವೈರನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಟಿಡಿಎ2030 ಎನ್ನುವ ಇನ್ನೊಂದು ಆಂಪ್ಲಿಫೈಯರ್ ಐಸಿಗೆ ±18 ವೋಲ್ಟೇ ಮಿತಿ. 15-0-15 ಟ್ರಾನ್ಸ್‌ಫಾರ್ಮರ್ ಹಾಕಿದರೆ ಡಿಸಿ ಆದ ಮೇಲೆ ಅದು ±20 ದಾಟುತ್ತದೆ, ಐಸಿ ಸುಡುತ್ತದೆ. 12-0-12 ಸಾಕು, ರಾತ್ರಿ ಲೈನ್ ವೋಲ್ಟೇಜ್ ಏರುವ ಹಳ್ಳಿಗಳಲ್ಲಿ ಅದೂ ಮಿತಿಯ ಹತ್ತಿರವೇ. ಈ ಐಸಿಗಳ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿರುತ್ತದೆ, ಹೀಟ್‌ಸಿಂಕ್ ನಡುವೆ ಮೈಕಾ ಹಾಳೆ ಬೇಕೇ ಬೇಕು. ಅಗ್ಗದ ನಕಲಿ ಐಸಿಗಳು ಬೇಕಾದಷ್ಟು ಓಡಾಡುತ್ತಿವೆ, ನಂಬಿಕೆಯ ಅಂಗಡಿಯಿಂದಲೇ ತನ್ನಿ. ಮೊದಲ ಸಲ ಆನ್ ಮಾಡುವಾಗ ಹಳೇ ಫಿಲಮೆಂಟ್ ಬಲ್ಬನ್ನು ಪೆಟ್ಟಿಗೆಗೆ ಬರುವ ಕರೆಂಟ್ ಲೈನಿನ ನಡುವೆ, ಸೀರೀಸಿನಲ್ಲಿ ಹಾಕಿ. ಕ್ಷಣ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ.

ಪೆಟ್ಟಿಗೆ ತರುವವರು ಹಾಡು ಹಾಕುವ ಫೋನು ಅಥವಾ ಡಬ್ಬಿ, ಅದರ ಚಾರ್ಜರ್, ಜೋಡಿಸುವ ವೈರು ಎಲ್ಲವನ್ನೂ ತನ್ನಿ, ತೊಂದರೆ ಎಷ್ಟೋ ಸಲ ಅಲ್ಲೇ ಇರುತ್ತದೆ. ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ಮಾತಿದೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ತಗಡಿನ ಮೇಲಿನ ಗ್ರೌಂಡ್ ಸ್ಕ್ರೂ ಬಿಳಿ ಪುಡಿ ಕಟ್ಟುತ್ತದೆ, ಹೊರಗಿನಿಂದ ಬಿಗಿಯಾಗೇ ಕಾಣುತ್ತದೆ. ಮಳೆ ಮುಗಿದ ಮೇಲೆ ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿ, ಆ ಸ್ಕ್ರೂ ಬಿಚ್ಚಿ, ತಗಡನ್ನು ಮರಳುಕಾಗದದಲ್ಲಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಮತ್ತೆ ಬಿಗಿಯಿರಿ. ಗುಂಯ್ ಇದ್ದರೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಇದನ್ನು ಮಾಡಿ, ಏಕೆಂದರೆ ನಿಮ್ಮ ಅರ್ಥಿಂಗ್ ನಿಂತಿರುವುದೂ ಅದೇ ಸ್ಕ್ರೂವಿನ ಮೇಲೆ.