ಅಲೆ ಎಬ್ಬಿಸುವ ದೋಣಿಗೆ ಖರ್ಚೆಷ್ಟು?

ಕೆರೆಯಲ್ಲಿ ಮೋಟಾರ್ ದೋಣಿ ಜೋರಾಗಿ ಹೋದರೆ ಹಿಂದೆ ಅಲೆ ಏಳುತ್ತದೆ. ಆ ಅಲೆಯ ಇಳಿಜಾರಿನಲ್ಲಿ ಸರಿಯಾಗಿ ಕೂತ ಹಲಗೆ ದೋಣಿಯ ಜೊತೆಗೇ ಓಡುತ್ತದೆ. ವೇಕ್‌ಫೀಲ್ಡ್ ವೇಗವರ್ಧಕದ, ಅಂದರೆ ಕಣಗಳನ್ನು ಅಲೆಯ ಮೇಲೆ ಓಡಿಸಿ ಶಕ್ತಿ ಏರಿಸುವ ಯಂತ್ರದ, ಉಪಾಯವೂ ಇದೇ. ನೀರಿನ ಬದಲು ಪ್ಲಾಸ್ಮಾ (ಎಲೆಕ್ಟ್ರಾನ್‌ಗಳು ಕಳಚಿಕೊಂಡ ಅನಿಲ), ದೋಣಿಯ ಬದಲು ಎಲೆಕ್ಟ್ರಾನ್‌ಗಳ ಗುಂಪು. ಅದಕ್ಕೆ ಡ್ರೈವ್ ಬೀಮ್ ಅನ್ನುತ್ತಾರೆ.

2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಮೆರಿಕದ ಕಣ ಪ್ರಯೋಗಾಲಯ ಸ್ಲ್ಯಾಕ್‌ನಲ್ಲಿ 42 ಜಿಇವಿ (ಕಣಗಳ ಶಕ್ತಿಯ ಅಳತೆ) ಎಲೆಕ್ಟ್ರಾನ್‌ಗಳನ್ನು 85 ಸೆಂ.ಮೀ. ಪ್ಲಾಸ್ಮಾದೊಳಗೆ ಹಾಯಿಸಿದರು. ಗುಂಪಿನ ಬಾಲದಲ್ಲಿದ್ದ ಕೆಲವು ಎಲೆಕ್ಟ್ರಾನ್‌ಗಳ ಶಕ್ತಿ ಇಮ್ಮಡಿಯಾಯಿತು. ಎಲ್ಲರೂ ಆ 85 ಸೆಂ.ಮೀ. ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಹಿಂದಿದ್ದ ಸುಮಾರು 3 ಕಿ.ಮೀ. ತಾಮ್ರದ ಯಂತ್ರದ ಕಡೆಗೆ. ಅಲೆ ಎಬ್ಬಿಸಿದ ದೋಣಿ ತಯಾರಾಗಿದ್ದು ಅಲ್ಲೇ ಅಲ್ವಾ? ಪ್ಲಾಸ್ಮಾ ಸುಮ್ನೆ ಶಕ್ತಿ ಕೊಡುವುದಿಲ್ಲ, ಒಬ್ಬರಿಂದ ಇಸಿದು ಇನ್ನೊಬ್ಬರಿಗೆ ದಾಟಿಸುತ್ತದೆ. ಹಾಗಾಗಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಕೊಲೈಡರ್‌ನ ಖರ್ಚು ತಗ್ಗಬೇಕಾದರೆ ಡ್ರೈವ್ ಬೀಮ್ ಅಗ್ಗವಾಗಬೇಕು.

ಮನೆಯ ಮೇಲಿನ ನೀರಿನ ಟ್ಯಾಂಕ್ ನೋಡಿ. ಸಣ್ಣ ಮೋಟಾರ್ ನಿಧಾನಕ್ಕೆ ತುಂಬಿಸುತ್ತದೆ, ಬೇಕಾದಾಗ ನೀರು ರಭಸವಾಗಿ ಬರುತ್ತದೆ. ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನ ಕ್ಲಿಕ್ ಎಂಬ ಕೊಲೈಡರ್ ಯೋಜನೆಯ ಜಾಣತನವೂ ಇಂಥದ್ದೇ. ಅಲ್ಲಿ ಪ್ಲಾಸ್ಮಾ ಇಲ್ಲ, ಆದರೂ ಪಾಠ ನಮ್ಮದೇ. ಯಂತ್ರದಿಂದ ಬರುವುದು ಕೇವಲ 4.2 ಆಂಪಿಯರ್‌ನ ಉದ್ದನೆಯ ಎಲೆಕ್ಟ್ರಾನ್ ಸಾಲು, ಮಣಿಸರದ ಹಾಗೆ ಬಿಡಿಬಿಡಿ ಗುಂಪುಗಳದ್ದು. ಅದರ ಒಂದು ತುಂಡನ್ನು ಸುಮಾರು 73 ಮೀಟರ್‌ನ ಬಳಸು ದಾರಿಗೆ ಕಳಿಸುತ್ತಾರೆ. ಸುತ್ತಿ ಬರುವಷ್ಟರಲ್ಲಿ ಮುಂದಿನ ತುಂಡು ಬಂದಿರುತ್ತದೆ. ಆಗ ಇದರ ಮಣಿಗಳ ನಡುವಿನ ಖಾಲಿ ಜಾಗಕ್ಕೆ ಅದರ ಮಣಿಗಳು ಸೇರಿಕೊಳ್ಳುತ್ತವೆ. ಎರಡು ಪಟ್ಟು. ಆಮೇಲೆ ಒಂದು ಉಂಗುರದಲ್ಲಿ ಮೂರು ಪಟ್ಟು, ಇನ್ನೊಂದರಲ್ಲಿ ನಾಲ್ಕು ಪಟ್ಟು. ಒಟ್ಟು 24 ಪಟ್ಟು, ಅಂದರೆ ಸುಮಾರು 100 ಆಂಪಿಯರ್! ಇದರಿಂದ ಯಂತ್ರಕ್ಕೆ ಮೈಕ್ರೋವೇವ್ ಶಕ್ತಿ ಒದಗಿಸುವ ಕ್ಲೈಸ್ಟ್ರಾನ್‌ಗಳು ಒಂದೇ ಏಟಿಗೆ ಭಾರೀ ಶಕ್ತಿ ಉಗುಳಬೇಕಿಲ್ಲ, ನಿಧಾನಕ್ಕೆ ದುಡಿದರೆ ಸಾಕು. ಸರ್ನ್‌ನ ಪರೀಕ್ಷಾ ಯಂತ್ರ ಸಿಟಿಎಫ್3 ಹೀಗೆ 8 ಪಟ್ಟು ಪೋಣಿಸಿ ತೋರಿಸಿದೆ.

2023ರಲ್ಲಿ ಹಾಲ್ಫ್ ಎಂಬ ಪ್ಲಾಸ್ಮಾ ಕೊಲೈಡರ್‌ನ ಪ್ರಸ್ತಾಪ ಬಂತು. ಅದರಲ್ಲಿ ಸುಮಾರು 31 ಜಿಇವಿ ಡ್ರೈವ್ ಬೀಮ್, 16 ಹಂತದ ಪ್ಲಾಸ್ಮಾ ಇತ್ತು. ಮುಂದೆ ತಿದ್ದಿದಾಗ ಡ್ರೈವ್ ಬೀಮ್‌ಗೇ ಬೇರೆ ಯಂತ್ರ ಕೊಟ್ಟು, ಶಕ್ತಿಯನ್ನು 4 ಜಿಇವಿಗೆ ಇಳಿಸಿ, ಹಂತಗಳನ್ನು 48ಕ್ಕೆ ಏರಿಸಿದರು. ಶಕ್ತಿ ಇಳಿದಷ್ಟೂ ಯಂತ್ರ ಚಿಕ್ಕದು. ಆದರೆ ಹಂತ ಜಾಸ್ತಿಯಾದಷ್ಟೂ ಜೋಡಣೆ ಕಷ್ಟ. ಪ್ರತಿ ಕೀಲಿನಲ್ಲೂ ಹಳೇ ಬೀಮ್ ಹೊರಗೆ, ಹೊಸದು ಒಳಗೆ, ಅದೂ ಕರಾರುವಾಕ್ಕಾಗಿ. ನನಗೆ ಈ ವಿನ್ಯಾಸದಲ್ಲಿ ಅತಿ ಕಷ್ಟದ ಜಾಗ ಅನ್ನಿಸುವುದು ಈ ಕೀಲುಗಳೇ.

ಇನ್ನು ದೋಣಿ ತನ್ನ ಶಕ್ತಿಯನ್ನೆಲ್ಲ ಅಲೆಗೆ ಕೊಡುತ್ತದಾ? 2024ರಲ್ಲಿ ಪ್ರಕಟವಾದ, ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯದ ಪ್ರಯೋಗದಲ್ಲಿ 500 ಎಂಇವಿ (ಅರ್ಧ ಜಿಇವಿ) ಬೀಮ್ ತನ್ನ ಶಕ್ತಿಯ ಸುಮಾರು 57% ಭಾಗವನ್ನು ಪ್ಲಾಸ್ಮಾಗೆ ಬಿಟ್ಟುಕೊಟ್ಟಿತ್ತು. ಮಿಕ್ಕದ್ದನ್ನು ಹೊತ್ತ ಎಲೆಕ್ಟ್ರಾನ್‌ಗಳನ್ನು ಪಕ್ಕಕ್ಕೆ ತಿರುಗಿಸಿ, ಬೀಮ್ ಹೀರಿಕೊಳ್ಳುವ ದಪ್ಪ ತಡೆಯಾದ ಡಂಪ್‌ಗೆ ಇಳಿಸಬೇಕು. ಅಲ್ಲಿ ಅವು ಬರೀ ಶಾಖವಾಗಿ ಹೋಗುತ್ತವೆ, ಹಾಲ್ಫ್‌ನ 48 ಹಂತಗಳಲ್ಲೂ.